ಕೋಲಾರದ ಬರಹಗಾರರ ಜೊತೆ, ಮಾಲೂರಿನಿಂದ ಮಾರಿಕುಪ್ಪಂವರೆಗೆ

ಕೋಲಾರ ಜಿಲ್ಲೆಯಲ್ಲಿ ಬರೆಯುವವರ ಬಳಗವೊಂದಿದೆ. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ರಸೀದಿ ಪುಸ್ತಕವೂ ಇಲ್ಲ. ಮಾಲೂರಿನ ಮೇಷ್ಟ್ರೊಬ್ಬರು ಕಥೆ ಬರೆಯುತ್ತಾರೆ. ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಹಿರಿಯರೊಬ್ಬರು ತೆಲುಗಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತಾರೆ. ಕೋಲಾರದ ಹುಡುಗಿಯೊಬ್ಬಳು ನಾಟಕ ಬರೆದು ಆಡಿಸುತ್ತಾಳೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯ ಹನಿಗವನ ಬರೆಯುತ್ತಾನೆ, ರಜೆ ಸಿಕ್ಕರೆ ಕೆರೆಗಳ ಬಗ್ಗೆ ಲೇಖನ ಬರೆಯುತ್ತಾನೆ. ಇವರೆಲ್ಲ ಆಗಾಗ ಯಾರದೋ ಮನೆಯಲ್ಲಿ ಸೇರಿ ಓದುತ್ತಾರೆ. ಈ ಸಲ ಬನದ ಹುಣ್ಣಿಮೆಗೆ ಹೊಂದಿಸಿಕೊಂಡು ಜಿಲ್ಲೆ ಸುತ್ತೋಣ, ನೀನೂ ಬಾ ಅಂದರು. ಬ್ಯಾಗಿಗೆ ಒಂದು ಸ್ವೆಟರು, ಎರಡು ನೋಟ್‌ಬುಕ್ಕು ತುರುಕಿಕೊಂಡು ಹೊರಟೆ.

ಗುರುವಾರ: ಮಾಲೂರು, ಮಾಸ್ತಿ

ಬೆಂಗಳೂರಿನಿಂದ ಬಂಗಾರಪೇಟೆ ಕಡೆಯ ರೈಲು ಹತ್ತಿದರೆ ಮಾಲೂರು ಬಹಳ ದೂರವೇನಲ್ಲ. ಊರು ಹತ್ತಿರ ಬಂದ ಹಾಗೆ ಇಟ್ಟಿಗೆ ಗೂಡುಗಳು, ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ. ಸ್ಟೇಷನ್ನಿನಲ್ಲಿ ಮೇಷ್ಟ್ರು ಕಾಯುತ್ತಿದ್ದರು. ಟೀ ಕುಡಿದು ನೇರ ಮಾಸ್ತಿಗೆ ಬಸ್ಸು ಹತ್ತಿದೆವು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರಲ್ಲಿ, ಇದೇ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ಮಾಸ್ತಿ ಅವರ ಹಿರೀಕರ ಊರು. ಜ್ಞಾನಪೀಠ ಬಂದಿದ್ದು 1983ರಲ್ಲಿ, 'ಚಿಕ್ಕವೀರ ರಾಜೇಂದ್ರ' ಕಾದಂಬರಿಗೆ. ಇದು ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ಮೇಷ್ಟ್ರು ದಾರಿಯುದ್ದಕ್ಕೂ ಹೇಳುತ್ತಾ ಬಂದಿದ್ದು ಬೇರೆ ಸಂಗತಿ. ಈ ಮನುಷ್ಯ ಏನು ಬರೆಯಲಿಲ್ಲ ಹೇಳಿ ನೋಡೋಣ ಅಂದರು. 1920ರಲ್ಲೇ ಕಥೆಗಳ ಪುಸ್ತಕ ತಂದರು, ಆಮೇಲೆ ಕಾದಂಬರಿ, 'ಕಾಕನಕೋಟೆ'ಯಂಥ ನಾಟಕ, 'ಶ್ರೀರಾಮ ಪಟ್ಟಾಭಿಷೇಕ'ದಂಥ ಕಾವ್ಯ, ವಿಮರ್ಶೆ, 'ಭಾವ' ಎಂಬ ಆತ್ಮಕಥೆ. ಸಾಲದ್ದಕ್ಕೆ 'ಜೀವನ' ಪತ್ರಿಕೆಯನ್ನೂ ವರ್ಷಗಟ್ಟಲೆ ನಡೆಸಿದರು. ಮನೆಮಾತು ತಮಿಳು, ಓದಿದ್ದು ಇಂಗ್ಲಿಷ್ ಸಾಹಿತ್ಯ, ಬರೆದಿದ್ದು ಕನ್ನಡ. ನಾವು ಅವರನ್ನು ಸಣ್ಣಕಥೆಯ ಕಪಾಟಿನಲ್ಲಿಟ್ಟು ಬೀಗ ಹಾಕಿಬಿಟ್ಟಿದ್ದೇವೆ ಅನ್ನೋದು ಮೇಷ್ಟ್ರ ಸಂಕಟ. ನನಗೂ ಹಾಗೇ ಅನ್ನಿಸುತ್ತದೆ.

ಊರೊಳಗೆ ಸುಮ್ನೆ ಒಂದು ಸುತ್ತು ಹಾಕಿದೆವು. ಸಂತೆ, ಹೋಟೆಲು, ಗಾಡಿಯಲ್ಲಿ ರಾಶಿ ಹಾಕಿದ ಅವರೆಕಾಯಿ. ಹೋಟೆಲಿನ ಜಗುಲಿಯ ಮೇಲೆ ಇಬ್ಬರು ಮುದುಕರು ಜಮೀನಿನ ವ್ಯಾಜ್ಯದ ಕಥೆ ಹೇಳುತ್ತಿದ್ದರು. ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಹೂಂಗುಡುತ್ತಾ ಮಧ್ಯೆ ಮಧ್ಯೆ ತಿದ್ದುತ್ತಾರೆ, ಮೊದಲನೆಯವರು ತಿದ್ದುಪಡಿ ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಮಾಸ್ತಿಯವರ ಎಷ್ಟೋ ಕಥೆಗಳು ಹೀಗೇ ತಾನೆ ಶುರುವಾಗೋದು, ಯಾರೋ ಒಬ್ಬರು ಇನ್ನೊಬ್ಬರಿಗೆ ಕೂತು ಹೇಳಿದ ಹಾಗೆ? ಆ ದನಿ ಎಲ್ಲಿಂದ ಬಂತು ಅಂತ ಹುಡುಕಲು ಗ್ರಂಥಾಲಯಕ್ಕೇ ಹೋಗಬೇಕಿಲ್ಲ ಅನ್ನಿಸಿತು.

ಸಂಜೆ ಮಾಲೂರಿಗೆ ವಾಪಸ್ಸು. ಮೇಷ್ಟ್ರ ಮನೆಯಲ್ಲಿ ಅಷ್ಟು ಹೊತ್ತಿಗೆ ಎಲ್ಲರೂ ಸೇರಿದ್ದರು. ಈ ಬಳಗಕ್ಕೆ ಒಂದೇ ಒಂದು ನಿಯಮ ಇದೆ. ನೀವು ಯಾವುದಕ್ಕೆ ಹೆಸರಾಗಿದ್ದೀರೋ ಅದನ್ನು ಓದುವ ಹಾಗಿಲ್ಲ. ಕಥೆಗಾರ ಪದ್ಯ ತರಬೇಕು, ಕವಿ ಗದ್ಯ ತರಬೇಕು. ಆ ರಾತ್ರಿ ನಾಟಕದ ಹುಡುಗಿ ಕೆರೆ ನೀರಿನ ಬಗ್ಗೆ ಒಂದು ಪ್ರಬಂಧ ಓದಿದಳು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಲು ಶುರುಮಾಡಿದ್ದು 2018ರಲ್ಲಿ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಏಳುತ್ತಿದ್ದ ಊರುಗಳವರು ಆ ನೀರನ್ನು ನೋಡಿದಾಗ ಸಂತೋಷ ಪಟ್ಟರು, ಅನುಮಾನವನ್ನೂ ಪಟ್ಟರು. ಎರಡನ್ನೂ ಬಿಡದೆ ಅವಳು ಬರೆದಿದ್ದಳು. ಅವಳಜ್ಜಿ ಕೆರೆಗೆ ಅರಿಶಿನ ಕುಂಕುಮ ತಗೊಂಡು ಹೋಗಿ, ಕೈಯದ್ದದೆ ದಡದಲ್ಲೇ ಪೂಜೆ ಮಾಡಿ ಬಂದ ಸಂಗತಿ ಅದರಲ್ಲಿತ್ತು. ನಾಟಕ ಬರೆಯುವವಳಾದ್ದರಿಂದ ಮಾತುಗಳೆಲ್ಲ ಮಾತಿನ ಹಾಗೇ ಇದ್ದವು, ಎಲ್ಲೂ ಭಾಷಣ ಇರಲಿಲ್ಲ. ಇದನ್ನು ಪ್ರಬಂಧಕಾರರು ಬರೆದಿದ್ದರೆ ಅಂಕಿ ಅಂಶ ಜಾಸ್ತಿ ಇರುತ್ತಿತ್ತು, ಅಜ್ಜಿ ಇರುತ್ತಿರಲಿಲ್ಲ.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಮಲಗುವಾಗ ಒಂದು ಗಂಟೆ.

ಶುಕ್ರವಾರ: ಮುಳಬಾಗಿಲು

ಬೆಳಿಗ್ಗೆ ಬಾಡಿಗೆ ಟೆಂಪೋ ಮಾಡಿಕೊಂಡು ಮುಳಬಾಗಿಲಿಗೆ ಹೊರಟೆವು. ಹೋದ ಕೂಡಲೇ ದೋಸೆ. ಕೆಂಪಗೆ ಬೆಂದು ತುಪ್ಪ ಕುಡಿದ ಮುಳಬಾಗಿಲು ದೋಸೆಯ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನಾನು ತಿಂದು ಮುಂದೆ ಹೋಗುತ್ತೇನೆ.

ಮೊದಲು ನರಸಿಂಹತೀರ್ಥ. ಹದಿನೈದನೇ ಶತಮಾನದ ಶ್ರೀಪಾದರಾಜರ ಬೃಂದಾವನ ಇರೋದು ಇಲ್ಲಿ. ವ್ಯಾಸರಾಯರಿಗೆ ವಿದ್ಯೆ ಹೇಳಿದ ಗುರುಗಳು ಇವರು. ಸಂಸ್ಕೃತದ ದೊಡ್ಡ ವಿದ್ವಾಂಸರು, ಆದರೂ 'ರಂಗವಿಠಲ' ಅಂಕಿತದಲ್ಲಿ ಕನ್ನಡ ಹಾಡುಗಳನ್ನು ಕಟ್ಟಿದರು. ಮಠದ ಪೂಜೆಯಲ್ಲಿ ಕನ್ನಡ ಹಾಡಿಗೆ ಜಾಗ ಮಾಡಿಕೊಟ್ಟಿದ್ದು ಸಣ್ಣ ಕೆಲಸ ಅಲ್ಲ. ಪುರಂದರದಾಸರ, ಕನಕದಾಸರ ಕಾಲಕ್ಕೆ ದಾಸಸಾಹಿತ್ಯ ಅಷ್ಟು ಎತ್ತರಕ್ಕೆ ಬೆಳೆಯಿತಲ್ಲ, ಅದಕ್ಕೆ ನೆಲ ಹದ ಮಾಡಿದವರಲ್ಲಿ ಇವರು ಮುಖ್ಯರು. ಕೊಳದ ಮೆಟ್ಟಿಲ ಮೇಲೆ ಒಬ್ಬ ತಾಯಿ ತನ್ನ ಮಗಳಿಗೆ ದೇವರನಾಮವೊಂದನ್ನು ಸಾಲು ಸಾಲಾಗಿ ಹೇಳಿಕೊಡುತ್ತಿದ್ದರು. ಪುಸ್ತಕ ಇರಲಿಲ್ಲ. ನಮ್ಮ ಹನಿಗವನದ ಗೆಳೆಯ ಅಲ್ಲೇ ನಿಂತುಬಿಟ್ಟ, ಮಗು ಪಲ್ಲವಿ ಸರಿಯಾಗಿ ಹೇಳುವ ತನಕ ಕದಲಲಿಲ್ಲ.

ಆಮೇಲೆ ಊರೊಳಗೆ ಬಂದೆವು. ಡಿವಿಜಿ ಹುಟ್ಟಿದ್ದು 1887ರಲ್ಲಿ, ಇದೇ ಊರಲ್ಲಿ. 1943ರಲ್ಲಿ ಬಂದ 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯಗಳಿವೆ, ಮದುವೆ ಕರೆಯೋಲೆಯಿಂದ ಆಟೋ ಹಿಂಬದಿಯವರೆಗೆ ಎಲ್ಲೆಲ್ಲೂ ಅವುಗಳದೇ ಸಾಲು. ಆದರೆ ಡಿವಿಜಿ ಹೊಟ್ಟೆಪಾಡಿಗೆ ಹಿಡಿದಿದ್ದು ಪತ್ರಿಕೆ ಕೆಲಸ. ರಾಜ್ಯಶಾಸ್ತ್ರ ಬರೆದರು, ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ 'ಅಂತಃಪುರ ಗೀತೆ' ಬರೆದರು, 'ಜ್ಞಾಪಕ ಚಿತ್ರಶಾಲೆ' ಬರೆದರು. ಆ ಚಿತ್ರಶಾಲೆ ನನಗೆ ಕಗ್ಗಕ್ಕಿಂತ ಹತ್ತಿರ. ದೊಡ್ಡ ದೊಡ್ಡ ದಿವಾನರ ಜೊತೆಗೇ ಮುಳಬಾಗಿಲಿನ ಸಾಮಾನ್ಯ ಜನರೂ ಅಷ್ಟೇ ಗೌರವದಿಂದ ಬಂದು ಕೂರುತ್ತಾರೆ ಅದರಲ್ಲಿ. ಇನ್ನೊಂದು ಸಂಗತಿ ನೋಡಿ. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕೆ ಮಾಸ್ತಿ ಅಧ್ಯಕ್ಷರು, 1932ರ ಮಡಿಕೇರಿ ಸಮ್ಮೇಳನಕ್ಕೆ ಡಿವಿಜಿ. ಇಬ್ಬರೂ ಈ ಒಂದೇ ಜಿಲ್ಲೆಯ ಮಕ್ಕಳು.

ಬಾಬಾ ಹೈದರ್ ವಲಿ ದರ್ಗಾದ ಮುಂದೆ ಒಂದಿಷ್ಟು ಹೊತ್ತು ನಿಂತು, ಮಧ್ಯಾಹ್ನದ ಬಿಸಿಲಿನಲ್ಲಿ ಅನುವಾದಕ ಹಿರಿಯರ ಹಳ್ಳಿಗೆ ಹೋದೆವು. ಇಡೀ ಪ್ರಯಾಣದಲ್ಲಿ ನಾನು ಜಾಸ್ತಿ ಕಲಿತಿದ್ದು ಅವರ ಮನೆಯ ಪಡಸಾಲೆಯಲ್ಲಿ.

ಆ ಮನೆಯಲ್ಲಿ ಮಾತಾಡೋದು ತೆಲುಗು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಬರೆಯೋದು ಕನ್ನಡ. ಅವರ ತಾಯಿ ಹಾಡುತ್ತಿದ್ದದ್ದು ಕೈವಾರ ತಾತಯ್ಯನವರ ತತ್ವಪದಗಳನ್ನು. ತಾತಯ್ಯ ಅಂದರೆ ಬಳೆ ಮಾರುತ್ತಿದ್ದ ಕೈವಾರ ನಾರೇಯಣ ಯೋಗಿ. ಅವರು ಜಾಸ್ತಿ ಹಾಡಿದ್ದು ತೆಲುಗಿನಲ್ಲಿ, ಕನ್ನಡದಲ್ಲೂ ಹಾಡಿದ್ದಾರೆ. ಕೈವಾರ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. 2007ರಲ್ಲಿ ಜಿಲ್ಲೆ ಎರಡಾಯಿತು, ಹಾಡುವವರು ಎರಡಾಗಲಿಲ್ಲ. ಇಲ್ಲಿನ ಎಷ್ಟೋ ಭಜನೆ ತಂಡಗಳವರ ಕೈಯಲ್ಲಿ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡ ಪುಸ್ತಕಗಳಿವೆ. ಹಿರಿಯರು ತಮ್ಮ ತಾಯಿಯ ಪುಸ್ತಕ ತೋರಿಸಿದರು. ಬಟ್ಟೆ ಸುತ್ತಿಟ್ಟ ನೂರು ಪುಟದ ರೂಲ್ ನೋಟ್‌ಬುಕ್ಕು. ತಾಯಿಗೆ ಓದು ಬರುತ್ತಿರಲಿಲ್ಲ. ಅವರು ಹಾಡಿದ್ದನ್ನು ಮಗ ಹೈಸ್ಕೂಲಿನಲ್ಲಿದ್ದಾಗ ಬರೆದುಕೊಂಡದ್ದು. ಅವರ ಅನುವಾದದ ಕೆಲಸ ಶುರುವಾಗಿದ್ದು ಅಲ್ಲಿಂದ.

ಈ ಬಳಗದ ಕಥೆಗಾರರೊಬ್ಬರು ಇಲ್ಲೇ ತಮಗಾದ ಒಂದು ನೋವು ಹೇಳಿಕೊಂಡರು. ಅವರ ಕಥೆಗಳಲ್ಲಿ ಮನೆಮಂದಿ ತೆಲುಗಿನಲ್ಲೇ ಮಾತಾಡುತ್ತಾರೆ. "ಏಮ್ರಾ, ತಿನ್ನಾವಾ?" ಅಂತ ತಾಯಿ ಕೇಳುತ್ತಾಳೆ, ಮಗ ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ಬೆಂಗಳೂರಿನ ಪ್ರಕಾಶಕರೊಬ್ಬರು ಹಸ್ತಪ್ರತಿ ಓದಿ, ಚೆನ್ನಾಗಿದೆ, ಆದರೆ ತೆಲುಗು ತೆಗೆದು ಕನ್ನಡ ಹಾಕಿ ಕೊಡಿ ಅಂದರಂತೆ. ಇವರು ಕೊಡಲಿಲ್ಲ. ಪುಸ್ತಕ ಇನ್ನೂ ಬಂದಿಲ್ಲ. ಆ ತಾಯಿಯ ಬಾಯಿಗೆ ಕನ್ನಡ ಹಾಕಿದರೆ ಅವಳು ಬೇರೆ ಊರಿನವಳಾಗುತ್ತಾಳೆ. ಧಾರವಾಡದ ಕನ್ನಡಕ್ಕೆ, ಕುಂದಾಪುರದ ಕನ್ನಡಕ್ಕೆ ಪುಸ್ತಕದಲ್ಲಿ ಜಾಗ ಸಿಕ್ಕಿದೆ, ಸಿಗಲೇಬೇಕಿತ್ತು. ಕೋಲಾರದ ಮನೆಮಾತಿಗೂ ಸಿಗಬೇಕು. ಓದುಗರು ಒಂದು ಸಾಲು ತಡವರಿಸಿದರೆ ಏನೂ ಆಗಲ್ಲ, ಮುಂದಿನ ಸಾಲಿನಲ್ಲಿ ಅರ್ಥ ಆಗುತ್ತದೆ.

ಶನಿವಾರ: ಕೋಲಾರ, ತೇರಹಳ್ಳಿ ಬೆಟ್ಟ

ಕೋಲಾರಕ್ಕೆ ಬಂದಾಗ ಮಾರುಕಟ್ಟೆ ರಸ್ತೆಯಲ್ಲಿ ಟೊಮೆಟೊ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಕೋಲಾರಮ್ಮನ ಗುಡಿಗೆ ಹೋದೆವು. ಗಂಗರ ಕಾಲದಲ್ಲಿ ಕುವಳಾಲ ಅನ್ನಿಸಿಕೊಂಡಿದ್ದ ಊರು ಇದು, ಅವರ ಹಳೆಯ ರಾಜಧಾನಿ. ಮುಂದೆ ಚೋಳರ ಕೈಗೆ ಹೋಯಿತು. ಗುಡಿಯಲ್ಲಿ ಅವರ ಕಾಲದ ತಮಿಳು ಶಾಸನಗಳಿವೆ. ಬಿ.ಎಲ್. ರೈಸ್ 1905ರಲ್ಲಿ ತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟ ತಿರುವಿ ನೋಡಿದರೆ ಕನ್ನಡ, ತಮಿಳು, ತೆಲುಗು ಮೂರೂ ಅಕ್ಕಪಕ್ಕ ಕೂತಿವೆ. ನಿನ್ನೆ ಪಡಸಾಲೆಯಲ್ಲಿ ಕೇಳಿದ ಮಾತಿಗೆ ಇಷ್ಟು ಹಳೆಯ ಬೇರು ಇದೆ. ಇದು ಗಡಿನಾಡಿನ ಕಲಬೆರಕೆ ಅಂತ ಮೂಗು ಮುರಿಯುವವರಿಗೆ ಆ ಕಲ್ಲುಗಳನ್ನು ತೋರಿಸಬೇಕು.

ಮಧ್ಯಾಹ್ನದ ಮೇಲೆ ಅಂತರಗಂಗೆ. ಕಲ್ಲು ಬಸವನ ಬಾಯಿಂದ ನೀರು ಬೀಳುತ್ತಲೇ ಇತ್ತು. ಅಲ್ಲಿಂದ ಮೇಲಕ್ಕೆ, ಶತಶೃಂಗ ಬೆಟ್ಟಸಾಲಿನ ತೇರಹಳ್ಳಿ ಕಡೆಗೆ. ಬಂಡೆಗಳ ಮೇಲೆ ಬಂಡೆ, ಮಧ್ಯೆ ಹುಲ್ಲು, ರಾಗಿ ಕೊಯ್ದ ಹೊಲಗಳು.

ಆದಿಮ ಇರೋದು ಇಲ್ಲೇ. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಗೆಳೆಯರ ಜೊತೆ ಸೇರಿ ಕಟ್ಟಿದ ಸಾಂಸ್ಕೃತಿಕ ಕೇಂದ್ರ. ಹುಣ್ಣಿಮೆ ರಾತ್ರಿ ಬಯಲಲ್ಲಿ ನಾಟಕ, ಹಾಡು, ಮಾತು. ಇದಕ್ಕೆ 'ಹುಣ್ಣಿಮೆ ಹಾಡು' ಅಂತ ಹೆಸರು. ಸುತ್ತಲ ಹಳ್ಳಿಗಳ ಜನ ಕಂಬಳಿ ಹೊದ್ದು, ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ನಾವೂ ಚಾಪೆ ಹಾಸಿ ಕೂತೆವು. ಚಳಿ ಎಲುಬಿಗೆ ಇಳಿಯುತ್ತಿತ್ತು.

ಅವತ್ತು ಮಕ್ಕಳ ನಾಟಕ ಇತ್ತು. ಆಮೇಲೆ ತಮಟೆ, ಹಾಡು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಪ್ರತಿ ಹಾಡಿಗೂ ದನಿಗೂಡಿಸುತ್ತಿದ್ದರು. ಕೇಳಿದೆ. ಇವು ಹೋರಾಟದ ಹಾಡುಗಳು, ಸಣ್ಣವಳಿದ್ದಾಗ ನಮ್ಮಪ್ಪ ಮೆರವಣಿಗೆಗೆ ಕರೆದುಕೊಂಡು ಹೋಗುತ್ತಿದ್ದಾಗ ಕಲಿತಿದ್ದು ಅಂದರು. ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ ಕೋಲಾರದ ಕವಿಗಳು ಬರೆದ ಪದ್ಯಗಳು ಪುಸ್ತಕ ಆಗುವ ಮೊದಲೇ ಜನರ ಬಾಯಲ್ಲಿದ್ದವು. ಪದ್ಯ ಬರೆದವರಿಗೆ ರಾಗ ಬೇಕಾಯಿತು. ರಾಗ ಸಿಕ್ಕಿದ ಮೇಲೆ ಬೀದಿಯಲ್ಲಿ ಆಡಿ ತೋರಿಸಲು ನಾಟಕ ಬೇಕಾಯಿತು, ಊರೂರಿಗೆ ಸುದ್ದಿ ಮುಟ್ಟಿಸಲು ಕರಪತ್ರ ಬೇಕಾಯಿತು, ಎಲ್ಲವನ್ನೂ ಅದೇ ನಾಲ್ಕು ಜನ ಬರೆಯಬೇಕಾಯಿತು. ಇಲ್ಲಿ ಒಬ್ಬರೇ ಕವಿಯೂ ನಾಟಕಕಾರರೂ ಹಾಡುಗಾರರೂ ಆಗೋದು ಹೀಗೆ. ಮಾಸ್ತಿ, ಡಿವಿಜಿ ಅವರ ದಾರಿ ಬೇರೆ, ಅವರಿಗಿದ್ದ ಓದು, ಅವಕಾಶ ಬೇರೆ. ಈ ದಾರಿ ಬೇರೆ. ಆದರೆ ಬರೆಯುವವನು ಒಂದೇ ಬಗೆಗೆ ಅಂಟಿಕೊಳ್ಳದೇ ಇರೋದು ಎರಡು ಕಡೆಯೂ ಒಂದೇ.

ಹಾಡಿಗೂ ಬದುಕಿಗೂ ಇಲ್ಲಿ ನಡುವೆ ಪರದೆ ಇಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ. ಆ ಹೆಸರು ಬಂದ ಕೂಡಲೇ ನಮ್ಮ ಮೇಷ್ಟ್ರು ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು. ಆ ವರ್ಷ ಅವರಿಗೆ ಕಥೆ ಬರೆಯಲು ಆಗಲಿಲ್ಲವಂತೆ. ಹಾಡು ಬರೆದರಂತೆ. ಕಥೆಗೆ ನೆಮ್ಮದಿಯಾಗಿ ಕೂರಬೇಕು, ಹಾಡನ್ನು ನಡೆಯುತ್ತಾ ಕಟ್ಟಬಹುದು ಅಂದರು. ಸಾಹಿತ್ಯ ಪ್ರಕಾರಗಳ ಬಗ್ಗೆ ಕಾಲೇಜಿನಲ್ಲಿ ಎಷ್ಟು ಪಾಠ ಕೇಳಿದ್ದೇನೆ, ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಬೆಳಗಿನ ಜಾವದ ತನಕ ಅಲ್ಲೇ ಇದ್ದೆವು.

ಭಾನುವಾರ: ಕೆಜಿಎಫ್, ಬಂಗಾರಪೇಟೆ

ನಿದ್ದೆಗಣ್ಣಲ್ಲೇ ಕೆಜಿಎಫ್ ಮುಟ್ಟಿದೆವು. ಸೈನೈಡ್ ಮಣ್ಣಿನ ಗುಡ್ಡಗಳು ದೂರದಿಂದಲೇ ಕಾಣುತ್ತವೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಶುರುಮಾಡಿದ ಚಿನ್ನದ ಗಣಿಗಾರಿಕೆ ನಿಂತಿದ್ದು 2001ರ ಫೆಬ್ರವರಿ 28ಕ್ಕೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಇಳಿದವರಲ್ಲಿ ಬಹಳ ಜನ ತಮಿಳು, ತೆಲುಗು ಮಾತಾಡುವ ದಲಿತರು.

ಈ ಊರಿನ ಸಾಹಿತ್ಯದ ಕಥೆ ಕನ್ನಡದವರಿಗೆ ಅಷ್ಟಾಗಿ ಗೊತ್ತಿಲ್ಲ, ಗೊತ್ತಾಗಬೇಕು. ತಮಿಳಿನ ದಲಿತ ಚಿಂತಕ ಪಂಡಿತ ಅಯೋತಿದಾಸರು 1907ರಲ್ಲಿ ಮದರಾಸಿನಲ್ಲಿ 'ಒರು ಪೈಸಾ ತಮಿಳನ್' ಎಂಬ ವಾರಪತ್ರಿಕೆ ಶುರುಮಾಡಿದರು. ಅದಕ್ಕೆ ಗಟ್ಟಿ ಓದುಗರು ಸಿಕ್ಕಿದ್ದು ಇಲ್ಲಿನ ಗಣಿ ಕಾರ್ಮಿಕರಲ್ಲಿ. 1914ರಲ್ಲಿ ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ ಪತ್ರಿಕೆಗೆ ಮತ್ತೆ ಜೀವ ಬಂದಿದ್ದು ಕೆಜಿಎಫ್‌ನಿಂದಲೇ, ಜಿ. ಅಪ್ಪಾದುರೈ ಅವರ ಕೈಯಲ್ಲಿ. ಅಯೋತಿದಾಸರ ಬರಹಗಳನ್ನು ಪುಸ್ತಕ ಮಾಡಿದ ಸಿದ್ಧಾರ್ಥ ಪುತ್ತಗಶಾಲೈ ಎಂಬ ಪ್ರಕಾಶನ ಇದ್ದದ್ದೂ ಇಲ್ಲೇ. ಭೂಮಿಯ ಕೆಳಗೆ ಎಂಟು ಗಂಟೆ ದುಡಿದು ಮೇಲೆ ಬಂದು ಪತ್ರಿಕೆ ಓದುವ, ಚಂದಾ ಕಟ್ಟುವ, ಬರೆಯುವ ಜನ. ಇದೇ ಕೆಜಿಎಫ್‌ನ ಸೋಡಾ ಕಾರ್ಖಾನೆಯಲ್ಲಿ ಹುಡುಗ ಡಿವಿಜಿ ಕೂಡ ಕೆಲವು ಕಾಲ ಕೆಲಸ ಮಾಡಿದ್ದರು ಅನ್ನೋದನ್ನು ನಾಟಕದ ಹುಡುಗಿ ನೆನಪಿಸಿದಳು. ಅವಳ ತಲೆಯಲ್ಲಿ ಆಗಲೇ ಒಂದು ನಾಟಕ ಓಡುತ್ತಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ನಮಗಾಗಿ ಒಬ್ಬ ಕವಯಿತ್ರಿ ಕಾಯುತ್ತಿದ್ದರು. ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನ ದಿನಾ ಬೆಳಿಗ್ಗೆ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ರಾತ್ರಿ ವಾಪಸ್ಸು ಬರುತ್ತಾರೆ. ಅವರೂ ಅವರಲ್ಲೊಬ್ಬರು. ಬರೆಯೋದೆಲ್ಲ ರೈಲಿನಲ್ಲೇ. ಹೋಗುವಾಗ ತಮಿಳಿನಲ್ಲಿ, ಬರುವಾಗ ಕನ್ನಡದಲ್ಲಿ ಅಂದರು. ಯಾಕೆ ಅಂತ ಕೇಳಿದ್ದಕ್ಕೆ, ಬೆಳಿಗ್ಗೆ ಮನೆಯ ಮಾತು ಕಿವಿಯಲ್ಲಿರುತ್ತದೆ, ಸಂಜೆ ಕೆಲಸದ ಜಾಗದ್ದು ಅಂತ ಸಲೀಸಾಗಿ ಹೇಳಿದರು. ಪದ್ಯ ಓದಿ ಅಂದೆವು. ನಿಯಮ ಗೊತ್ತಿದ್ದವರು, ಪದ್ಯ ಓದಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ತಮ್ಮ ತಂದೆ ಗಣಿಯಲ್ಲಿ ಬಳಸುತ್ತಿದ್ದ ದೀಪದ ಬಗ್ಗೆ ಎರಡು ಪುಟದ ಗದ್ಯ ಓದಿದರು. ಆ ಗದ್ಯ ಒಂದಲ್ಲ ಒಂದು ದಿನ ಅಚ್ಚಾಗಲೇಬೇಕು. ಅಷ್ಟು ಒಳ್ಳೆಯ ಕನ್ನಡ ನಾನು ಈಚೆಗೆ ಓದಿಲ್ಲ.

ಮಧ್ಯಾಹ್ನ ಬಂಗಾರಪೇಟೆಯಲ್ಲಿ ಇಳಿದು, ನೀರಿನಂತೆ ತಿಳಿಯಾದ ಪಾನಿಯ ಪಾನಿಪುರಿ ತಿನ್ನುತ್ತಾ ಸಭೆ ಮಾಡಿದೆವು. ಅನುವಾದಕ ಹಿರಿಯರ ತಾಯಿಯ ನೋಟ್‌ಬುಕ್ಕಿನ ಪದಗಳನ್ನು ಪುಸ್ತಕ ಮಾಡೋದು ಅಂತ ತೀರ್ಮಾನ ಆಯಿತು. ಎಡಗಡೆ ತೆಲುಗು, ಕನ್ನಡ ಲಿಪಿಯಲ್ಲಿ. ಬಲಗಡೆ ಕನ್ನಡ ಅನುವಾದ. ಅನುವಾದವನ್ನು ಒಬ್ಬರೇ ಮಾಡೋದು ಬೇಡ, ಹನಿಗವನದವನು ಕೆಲವು, ಕಥೆಗಾರರು ಕೆಲವು, ಮಾರಿಕುಪ್ಪಂನ ಅಕ್ಕ ಕೆಲವು ಹಂಚಿಕೊಳ್ಳಲಿ, ಹಿರಿಯರು ಕೊನೆಗೆ ನೋಡಿ ತಿದ್ದಲಿ. ಯಾವ ಹಾಡನ್ನು ಯಾವ ಊರಿನಲ್ಲಿ ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು ಅನ್ನೋದನ್ನು ಕೇಳಿ ಬರೆಯುವ ಕೆಲಸ ನಾಟಕದ ಹುಡುಗಿಯದು. ಕರಡು ತಿದ್ದುವ ಕೆಲಸ ನನ್ನದು. ಪ್ರಕಾಶಕರನ್ನು ಕಾಯೋದಿಲ್ಲ, ನಾವೇ ದುಡ್ಡು ಹಾಕಿ ಕೋಲಾರದಲ್ಲೇ ಅಚ್ಚು ಹಾಕಿಸುತ್ತೇವೆ.

ಮುಂದಿನ ಸಲ ಸೇರೋದು ಶ್ರೀನಿವಾಸಪುರದಲ್ಲಿ, ಮಾವಿನ ಕಾಲಕ್ಕೆ. ಅಷ್ಟರೊಳಗೆ ಮೊದಲ ಕರಡು ಕೈಗೆ ಬರಬೇಕು ಅಂತ ಮೇಷ್ಟ್ರು ಎಲ್ಲರಿಂದ ಮಾತು ತಗೊಂಡಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಲ್ಲೂ ಅಜ್ಜಿಯದೋ ಅಮ್ಮನದೋ ಇಂಥ ನೋಟ್‌ಬುಕ್ಕು ಇದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಶ್ರೀನಿವಾಸಪುರಕ್ಕೆ ತಗೊಂಡು ಬನ್ನಿ. ನೋಟ್‌ಬುಕ್ಕು ಇಲ್ಲದಿದ್ದರೆ ನೆನಪಿದ್ದಷ್ಟು ಹಾಡಿ, ಬರೆದುಕೊಳ್ಳಲು ನಾವಿರುತ್ತೇವೆ.